ಗೂಗಲ್ ಸ್ಕಾಲರ್‌ನಲ್ಲಿ ಎಚ್-ಇಂಡೆಕ್ಸ್ 9, ಸ್ಕೋಪಸ್‌ನಲ್ಲಿ 4: ಬಡ್ತಿ ಅರ್ಜಿಗೆ ಯಾವುದು?

ಗೂಗಲ್ ಸ್ಕಾಲರ್, ಸ್ಕೋಪಸ್ ಎರಡೂ ಸಂಶೋಧನಾ ಪೇಪರ್‌ಗಳನ್ನೂ ಅವುಗಳಿಗೆ ಬಂದ ಉಲ್ಲೇಖಗಳನ್ನೂ ಎಣಿಸುವ ತಾಣಗಳು. ಎಚ್-ಇಂಡೆಕ್ಸ್ 9 ಅಂದರೆ ತಲಾ ಕನಿಷ್ಠ 9 ಉಲ್ಲೇಖ ಸಿಕ್ಕ ಪೇಪರ್ 9 ಇವೆ ಅಂತ. ನಿಮ್ಮ ಅಂಕಿ ಸ್ಕೋಪಸ್‌ನಲ್ಲಿ ಕಡಿಮೆ ಇರೋದಕ್ಕೆ, ಅಲ್ಲಿ ನಿಮ್ಮ ಹೆಸರು ಎರಡು ಪ್ರೊಫೈಲ್ ಆಗಿ ಒಡೆದಿರಬೇಕು. ಹಳೇ ಪೇಪರ್‌ಗಳಲ್ಲಿ ಇನಿಷಿಯಲ್ ಮೊದಲು, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಸಂಸ್ಥೆಯವರ ಜೊತೆ ಬರೆದದ್ದರಲ್ಲಿ ಕೊನೆಗೆ ಅಂತ ನೀವೇ ಹೇಳಿದ್ದೀರಲ್ವಾ. ಹಾಸನದ ನಮ್ಮ ಕಾಲೇಜಿನಲ್ಲಿ ನಾನು ಸರಿಪಡಿಸಿಕೊಟ್ಟ ಪ್ರೊಫೈಲ್‌ಗಳಲ್ಲೂ ಜಾಸ್ತಿ ಇದೇ ತೊಂದರೆ.

ಮೊದಲು ಸ್ಕೋಪಸ್‌ನ ಆಥರ್ ಸರ್ಚ್‌ನಲ್ಲಿ ಎರಡೂ ರೀತಿ ಹೆಸರು ಹಾಕಿ ಹುಡುಕಿ. ಎರಡು ಐಡಿ ಸಿಕ್ಕರೆ ಒಂದುಗೂಡಿಸಲು ಅಲ್ಲೇ ಮನವಿ ಕಳಿಸಿ, ದುಡ್ಡು ಕಟ್ಟಬೇಕಿಲ್ಲ. ಆಮೇಲೆ ಆರ್ಕಿಡ್ (ORCID) ಐಡಿ, ಅಂದರೆ ಸಂಶೋಧಕರನ್ನು ಗುರುತಿಸುವ 16 ಅಂಕಿಯ ಸಂಖ್ಯೆ, ಮಾಡಿಕೊಂಡು ಸ್ಕೋಪಸ್ ಪ್ರೊಫೈಲ್‌ಗೆ ಜೋಡಿಸಿ. ಮುಂದಿನ ಪೇಪರ್‌ಗಳಿಗೆಲ್ಲ ಅದನ್ನೇ ಕೊಡಿ.

ಆಗಲೂ ಸ್ಕಾಲರ್ ಅಂಕಿ ಜಾಸ್ತಿಯೇ ಇರಬಹುದು. ಅದು ಥೀಸಿಸ್, ಪ್ರಿಪ್ರಿಂಟ್‌ಗಳಲ್ಲಿ (ಜರ್ನಲ್‌ನಲ್ಲಿ ಬರುವ ಮೊದಲೇ ಆನ್‌ಲೈನ್ ಹಾಕಿದ ಪೇಪರ್) ಬಂದ ಉಲ್ಲೇಖವನ್ನೂ ಎಣಿಸುತ್ತದೆ. ನಿಮ್ಮದೇ ಹೆಸರಿನ ಬೇರೆಯವರ ಪೇಪರ್ ಅಲ್ಲಿ ಸೇರಿದ್ದರೆ ತೆಗೆದುಹಾಕಿ. ಎಷ್ಟು ವ್ಯತ್ಯಾಸ ಇದರಿಂದ ಅಂತ ಪಟ್ಟಿ ನೋಡದೆ ಹೇಳಲಾರೆ.

ಅರ್ಜಿಯ ಸೂಚನೆಯಲ್ಲಿ ಯಾವುದು ಅಂತ ಹೇಳಿಲ್ಲದಿದ್ದರೆ ಎರಡೂ ಅಂಕಿ ಬರೆದು, ಪಕ್ಕದಲ್ಲಿ ನೋಡಿದ ತಾರೀಖು ಹಾಕಿ. ಇನ್ನೊಂದು ಮಾತು. ಒಬ್ಬರೇ ಬರೆದ ಪೇಪರ್‌ಗೂ ಹತ್ತು ಜನ ಸೇರಿ ಬರೆದದ್ದಕ್ಕೂ ಎಚ್-ಇಂಡೆಕ್ಸ್‌ನಲ್ಲಿ ಒಂದೇ ಲೆಕ್ಕ. ಯಾರು ಏನು ಮಾಡಿದರು ಅನ್ನೋದು ಅದರಲ್ಲಿ ಕಾಣೋದೇ ಇಲ್ಲ. ಚಿಕ್ಕಮಗಳೂರಿನ ತೋಟಗಳ ಮಣ್ಣು ತಂದು ಪರೀಕ್ಷೆ ಮಾಡಿದ್ದು ನೀವೇ ಆಗಿದ್ದರೆ, ಅರ್ಜಿಯಲ್ಲಿ ಆ ಪೇಪರಿನ ಹೆಸರಿನ ಕೆಳಗೆ ಅದನ್ನು ಒಂದು ಸಾಲಿನಲ್ಲಿ ಬರೆಯಿರಿ.