ಅಟ್ಟದ ಮೇಲೆ ಸಿಕ್ಕ ಕ್ಯಾಸೆಟ್ ವಿಡಿಯೋ ಗೇಮ್‌ಗೆ ಈಗ ಹೊಸ ಆಟ ಬರೆಯಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಅಟ್ಟ ಗುಡಿಸುವಾಗ ತೊಂಬತ್ತರ ದಶಕದ, ಕ್ಯಾಸೆಟ್ ಹಾಕಿ ಆಡುವ ಟಿವಿ ವಿಡಿಯೋ ಗೇಮ್ ಸಿಕ್ಕಿದೆ. ಇನ್ನೂ ಆನ್ ಆಗುತ್ತಿದೆ. ಇಂಥ ಮಷೀನಿಗೆ ಈಗಲೂ ಹೊಸ ಆಟ ಮಾಡುವವರು ಇದ್ದಾರಂತೆ, ನಿಜವಾ? ಸ್ವಲ್ಪ ಸಿ ಪ್ರೋಗ್ರಾಮಿಂಗ್ ಭಾಷೆ ಬರುವ ನೀವೂ ಒಂದು ಮಾಡಬಹುದಾ? ಮಾಡಿದರೆ ಅದೇ ಮಷೀನಿನಲ್ಲಿ ಓಡುತ್ತಾ?

ಎಲ್ಲಕ್ಕೂ ಹೌದು. ನಾನೇ ಒಂದು ಮಾಡಿದ್ದೇನೆ. ಮಾರುವಷ್ಟು ಚೆನ್ನಾಗೇನೂ ಇಲ್ಲ, ಆದರೆ ಅಕ್ಕನ ಮಕ್ಕಳು ಕೂತು ಜಗಳವಾಡಿಕೊಂಡು ಆಡುವಷ್ಟಿದೆ. ಅದನ್ನು ಮಾಡುವಾಗ ಎಲ್ಲೆಲ್ಲಿ ಎಡವಿದೆ ಅಂತ ಹೇಳಿದರೆ ನಿಮಗೆ ಜಾಸ್ತಿ ಉಪಯೋಗ ಅನ್ನಿಸುತ್ತೆ.

ಮೊದಲು ನಿಮ್ಮ ಕೈಯಲ್ಲಿರುವುದು ಏನು ಅಂತ ತಿಳಿಯಬೇಕು. ಆಗ ನಮ್ಮ ಕಡೆ ಅಂಗಡಿಗಳಲ್ಲಿ ಸಿಗುತ್ತಿದ್ದ ಇಂಥ ಮಷೀನುಗಳಲ್ಲಿ ಹೆಚ್ಚಿನವು ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್‌ನ ನಕಲು. ಅಸಲಿ ಫ್ಯಾಮಿಕಾಮ್ ಜಪಾನಿನಲ್ಲಿ 1983ರಲ್ಲಿ ಬಂತು. ಅದೇ ವೇಷ ಬದಲಿಸಿಕೊಂಡು 1985ರಲ್ಲಿ ಎನ್‌ಇಎಸ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋಯಿತು. ನಿಮ್ಮ ಕ್ಯಾಸೆಟ್‌ನ ತುದಿಯಲ್ಲಿರುವ ಪಿನ್ ಎಣಿಸಿ. ಒಂದು ಬದಿಗೆ 30ರಂತೆ ಒಟ್ಟು 60 ಇದ್ದರೆ ಫ್ಯಾಮಿಕಾಮ್ ಜಾತಿ. ಎನ್‌ಇಎಸ್ ಕ್ಯಾಸೆಟ್‌ಗೆ 72 ಪಿನ್. ನಮ್ಮ ನಕಲಿ ಮಷೀನುಗಳಲ್ಲಿ ಒಂದು ಅನುಕೂಲ ಇದೆ. ಕ್ಯಾಸೆಟ್ ಅಸಲಿಯೋ ಅಲ್ಲವೋ ಎಂದು ಪರೀಕ್ಷಿಸುವ ಬೀಗದ ಚಿಪ್ ಎನ್‌ಇಎಸ್‌ನಲ್ಲಿತ್ತು, ಇವುಗಳಲ್ಲಿ ಅದಿಲ್ಲ. ಏನು ಹಾಕಿದರೂ ಓಡಿಸುತ್ತವೆ, ಪಾಪ.

ಮೆನುವಿನಲ್ಲಿ '9999 ಇನ್ 1' ಅಂತ ಬರುತ್ತಿತ್ತಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಒಳಗೆ ಇದ್ದದ್ದು ಕೈಬೆರಳಿನಲ್ಲಿ ಎಣಿಸುವಷ್ಟು ಆಟ. ಅದೇ ಆಟವನ್ನು ಬೇರೆ ಬೇರೆ ಲೆವೆಲ್‌ನಿಂದ ಶುರುಮಾಡಿಸಿ ಹೊಸ ಹೆಸರು ಕೊಟ್ಟಿರುತ್ತಿದ್ದರು. ನೀವು ಕೇಳುತ್ತಿರುವ ಹೊಸ ಆಟಗಳಿಗೆ ಹೋಮ್‌ಬ್ರೂ ಅಂತಾರೆ, ಅದು ಹಾಗಲ್ಲ. ಕಂಪನಿ ಮಷೀನನ್ನು ಕೈಬಿಟ್ಟ ಮೇಲೆ, ಯಾರ ಅಪ್ಪಣೆಗೂ ಕಾಯದೆ, ಹವ್ಯಾಸಕ್ಕೆ ಅಂತ ಜನ ಮೊದಲಿನಿಂದ ಬರೆಯುವ ಹೊಸ ಆಟ. 2010ರಲ್ಲಿ ಬಂದ ಬ್ಯಾಟಲ್ ಕಿಡ್ ಹಾಗೆ ಬಂದದ್ದು, ನಿಜವಾದ ಕ್ಯಾಸೆಟ್ ರೂಪದಲ್ಲೇ ಮಾರಾಟವಾಯಿತು. 2019ರ ಮೈಕ್ರೋ ಮೇಜಸ್ ನನಗೆ ತುಂಬಾ ಇಷ್ಟ. ನಾಲ್ಕು ಜನ ಒಟ್ಟಿಗೆ ಆಡಬಹುದು, ಇಡೀ ಆಟ 40 ಕೆಬಿ. ನಿಮ್ಮ ಫೋನಿನಲ್ಲಿರುವ ಒಂದು ಗುಡ್ ಮಾರ್ನಿಂಗ್ ಫೋಟೋ ಇದಕ್ಕಿಂತ ದೊಡ್ಡದಿರುತ್ತೆ. ಎನ್‌ಇಎಸ್ ಒಂದೇ ಅಲ್ಲ, 1977ರ ಅಟಾರಿ 2600ಕ್ಕೂ ಬರೆಯುತ್ತಾರೆ. ಅದರ ರ್ಯಾಮ್ ಬರೀ 128 ಬೈಟ್. ಎಕ್ಸ್‌ಬಾಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಎಡ್ ಫ್ರೈಸ್ 2010ರಲ್ಲಿ ಹೇಲೋ ಆಟವನ್ನು ಆ ಅಟಾರಿಗೆ ಇಳಿಸಿದರು. ಆ ದಾರಿಗೆ ಮಾತ್ರ ಮೊದಲೇ ಹೋಗಬೇಡಿ. ಟಿವಿಯ ಒಂದೊಂದು ಗೆರೆಯನ್ನೂ ನೀವೇ ಲೆಕ್ಕ ಹಾಕಿ ಎಳೆಯಬೇಕು.

ಈಗ ನಿಮ್ಮ ಮಷೀನಿನ ಒಳಗೆ. ಪ್ರೊಸೆಸರ್ 6502 ಜಾತಿಯದು, ವೇಗ ಸುಮಾರು 1.8 ಮೆಗಾಹರ್ಟ್ಸ್. ರ್ಯಾಮ್ 2 ಕೆಬಿ. ಪರದೆ ಅಡ್ಡಕ್ಕೆ 256 ಚುಕ್ಕೆ, ಉದ್ದಕ್ಕೆ 240. ಆ ಚುಕ್ಕೆಗಳನ್ನು ನಿಮಗೆ ಬೇಕಾದ ಹಾಗೆ ಹಾಕಲು ಆಗುವುದಿಲ್ಲ. ಎಂಟಕ್ಕೆ ಎಂಟು ಚುಕ್ಕೆಯ ಚೌಕಗಳನ್ನು, ಅಂದರೆ ಟೈಲ್‌ಗಳನ್ನು, ಮೊದಲೇ ಬರೆದಿಟ್ಟುಕೊಂಡು ನೆಲಕ್ಕೆ ಹಾಸುಗಲ್ಲು ಜೋಡಿಸಿದ ಹಾಗೆ ಜೋಡಿಸಬೇಕು. ಹಿನ್ನೆಲೆಗೆ ಸಿಗುವುದು 256 ಬೇರೆ ಬೇರೆ ಟೈಲ್. ಓಡಾಡುವ ಪಾತ್ರಗಳನ್ನು ಕಟ್ಟುವ ಎಂಟಕ್ಕೆ ಎಂಟು ಚುಕ್ಕೆಯ ತುಂಡುಗಳಿಗೆ ಸ್ಪ್ರೈಟ್ ಅಂತಾರೆ. ಅವು ಒಟ್ಟು 64. ಒಂದೇ ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಸ್ಪ್ರೈಟ್ ಕಾಣಿಸುವುದಿಲ್ಲ. ಈ ಕೊನೆಯ ವಾಕ್ಯವನ್ನು ನಾನೂ ಓದಿದ್ದೆ. ಓದಿ ಮುಂದಕ್ಕೆ ಹೋಗಿದ್ದೆ.

ನಾನು ಮಾಡಲು ಹೊರಟದ್ದು ಹುಲಿ ಕುರಿ ಆಟ. ಹಳೇ ದೇವಸ್ಥಾನಗಳ ಜಗಲಿ ಕಲ್ಲಿನ ಮೇಲೆ ಕೆತ್ತಿರುತ್ತಾರಲ್ಲ, ತ್ರಿಕೋನದ ಮೇಲೆ ಅಡ್ಡ ಗೆರೆಗಳು, ಅದೇ. ಮೂರು ಹುಲಿ, ಹದಿನೈದು ಕುರಿ, 23 ಮನೆ. ಮೇಲೆ ತುದಿಯಲ್ಲಿ ಒಂದು, ಆಮೇಲೆ ಆರಾರರ ಮೂರು ಸಾಲು, ಕೆಳಗೆ ನಾಲ್ಕು. ಇದನ್ನೇ ಯಾಕೆ ಆರಿಸಿದೆ ಅಂದರೆ ಸೋಮಾರಿತನ. ಓಟ ಇಲ್ಲ, ನೆಗೆತ ಇಲ್ಲ, ಗುಂಡು ಹಾರಿಸುವುದಿಲ್ಲ. ಇಡೀ ಆಟದ ಸ್ಥಿತಿ 23 ಬೈಟ್. ಖಾಲಿ ಮನೆಗೆ ಸೊನ್ನೆ, ಕುರಿಗೆ ಒಂದು, ಹುಲಿಗೆ ಎರಡು. ಎರಡು ಕೆಬಿ ರ್ಯಾಮ್ ಅರಮನೆ ಅನ್ನಿಸಿತ್ತು.

ಒಂದೊಂದು ಕಾಯನ್ನು ಹದಿನಾರಕ್ಕೆ ಹದಿನಾರು ಚುಕ್ಕೆಯಲ್ಲಿ ಬರೆದೆ. ಅದಕ್ಕೆ ನಾಲ್ಕು ಸ್ಪ್ರೈಟ್ ಬೇಕು. ಹದಿನೆಂಟು ಕಾಯಿಗೆ 72. ಇರುವುದೇ 64. ಸರಿ, ಚಿತ್ರ ಬರೆಯುವ ಚಿಪ್‌ನಲ್ಲಿ ಉದ್ದದ ಸ್ಪ್ರೈಟ್, ಎಂಟಕ್ಕೆ ಹದಿನಾರು, ಅನ್ನುವ ಇನ್ನೊಂದು ಆಯ್ಕೆ ಇದೆ. ಅದಕ್ಕೆ ಬದಲಾಯಿಸಿದೆ. ಕಾಯಿಗೆ ಎರಡು, ಒಟ್ಟು 36. ಆರಾಮ ಅಂದುಕೊಂಡೆ.

ಆಟ ಓಡಿತು. ಆದರೆ ಆಟ ಮುಂದುವರಿದ ಹಾಗೆ ಮಧ್ಯದ ಸಾಲಿನಲ್ಲಿ ಕುರಿಗಳು ಕಾಣೆಯಾಗತೊಡಗಿದವು. ಹುಲಿ ಹತ್ತಿರ ಕೂಡ ಬಂದಿಲ್ಲ, ಕುರಿ ಇಲ್ಲ! ಹುಲಿ ಕುರಿಯನ್ನು ಹಾರಿ ಕೊಲ್ಲುವ ಭಾಗದ ಕೋಡ್‌ನಲ್ಲೇ ಏನೋ ತಪ್ಪಿದೆ ಅಂತ ಎರಡು ರಾತ್ರಿ ಅದನ್ನೇ ಕೆದಕಿದೆ. ಮೂರನೇ ದಿನ ಎಮ್ಯುಲೇಟರ್‌ನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಈ ಮಷೀನಿನ ಹಾಗೆ ನಟಿಸುವ ಪ್ರೋಗ್ರಾಂನಲ್ಲಿ, ಮೆಮೊರಿ ತೆಗೆದು ನೋಡಿದರೆ ಕುರಿಗಳೆಲ್ಲ ತಮ್ಮ ತಮ್ಮ ಮನೆಯಲ್ಲೇ ಇದ್ದವು. ಸತ್ತಿರಲಿಲ್ಲ, ಕಾಣುತ್ತಿರಲಿಲ್ಲ ಅಷ್ಟೇ. ಒಂದು ಸಾಲಿನಲ್ಲಿ ಆರು ಮನೆ. ಆರೂ ತುಂಬಿದರೆ ಹನ್ನೆರಡು ಸ್ಪ್ರೈಟ್. ಚಿಪ್ ಮೊದಲ ಎಂಟನ್ನು ಬರೆದು ಉಳಿದದ್ದನ್ನು ಬಿಟ್ಟುಬಿಡುತ್ತೆ. ನನ್ನ ಪಟ್ಟಿಯಲ್ಲಿ ಹುಲಿಗಳು ಮೊದಲು, ಹಾಗಾಗಿ ಮಾಯವಾಗುತ್ತಿದ್ದದ್ದು ಯಾವಾಗಲೂ ಕುರಿಗಳೇ.

ಚಿಕ್ಕವರಿದ್ದಾಗ ಆಡುವಾಗ ಪರದೆ ಮೇಲೆ ಶತ್ರುಗಳು ಜಾಸ್ತಿಯಾದರೆ ಎಲ್ಲರೂ ಮಿಣಮಿಣ ಅನ್ನುತ್ತಿದ್ದರು, ನೆನಪಿದೆಯಾ? ಅದಕ್ಕೂ ಇದೇ ಕಾರಣ. ಪ್ರತಿ ಫ್ರೇಮ್‌ಗೂ, ಅಂದರೆ ಪರದೆಯನ್ನು ಒಂದೊಂದು ಸಲ ಬರೆದಾಗಲೂ, ಪಟ್ಟಿಯ ಕ್ರಮ ಬದಲಿಸಿ, ಒಮ್ಮೆ ಇವನು ಮಾಯ, ಒಮ್ಮೆ ಅವನು ಮಾಯ ಅಂತ ಹಂಚುತ್ತಿದ್ದರು. ಗುಂಡು ಹಾರುವ ಆಟಕ್ಕೆ ಅದು ಸರಿ. ಸುಮ್ನೆ ಕೂತ ಕುರಿ ಮಿಣುಕಿದರೆ ಚೆನ್ನಾಗಿರಲ್ಲ. ಕೊನೆಗೆ ಕೂತ ಕಾಯಿಗಳನ್ನೆಲ್ಲ ಹಿನ್ನೆಲೆಯ ಟೈಲ್ ಮಾಡಿದೆ. ಈಗ ಸ್ಪ್ರೈಟ್ ಆಗಿರುವುದು ಕೈಯಲ್ಲಿ ಎತ್ತಿದ ಕಾಯಿ ಒಂದೇ. ಹಿನ್ನೆಲೆ ಟೈಲ್‌ಗಳು ಎಂಟು ಚುಕ್ಕೆಯ ಜಾಲರಿಯಲ್ಲೇ ಕೂರಬೇಕಲ್ಲ, ಅದಕ್ಕೆ ನನ್ನ ತ್ರಿಕೋನ ಸ್ವಲ್ಪ ಸೊಟ್ಟಗಿದೆ. ಇರಲಿ ಬಿಡಿ, ಕಲ್ಲಿನ ಮೇಲೆ ಕೆತ್ತಿದವು ಎಲ್ಲಾ ನೆಟ್ಟಗಿದ್ದವಾ?

ಕನ್ನಡದಲ್ಲಿ ಅಕ್ಷರ ತೋರಿಸಬೇಕು ಅನ್ನುವ ಹಂಬಲ ನಿಮಗೂ ಬಂದೇ ಬರುತ್ತೆ. ಇಂಗ್ಲಿಷ್‌ಗೆ ಸುಲಭ. 26 ಅಕ್ಷರ, 10 ಅಂಕಿ, ಒಂದೊಂದಕ್ಕೆ ಒಂದು ಟೈಲ್, ಒಟ್ಟು 36. ಎಂಟು ಚುಕ್ಕೆ ಎತ್ತರದಲ್ಲಿ ಕನ್ನಡ ಬರೆದು ನೋಡಿ. ತಲೆಕಟ್ಟಿಗೆ ಒಂದೆರಡು ಚುಕ್ಕೆ ಹೋಗುತ್ತೆ, ಕೆಳಗೆ ಉಳಿದದ್ದರಲ್ಲಿ ಹೊಟ್ಟೆ ಸೀಳಬೇಕು, ಕೊಂಬು ಕೊಡಬೇಕು. 'ರಿ'ಗೂ 'ಠಿ'ಗೂ ವ್ಯತ್ಯಾಸವೇ ಕಾಣುವುದಿಲ್ಲ. ಹದಿನಾರಕ್ಕೆ ಹದಿನಾರು ಮಾಡಿದರೆ ಓದಲು ಬರುತ್ತೆ, ಆದರೆ ಅಕ್ಷರಕ್ಕೆ ನಾಲ್ಕು ಟೈಲ್. 256 ಟೈಲ್‌ಗೆ 64 ಅಕ್ಷರ. ಅಷ್ಟಕ್ಕೇ ಎಲ್ಲಾ ಖಾಲಿ. ಕಾಗುಣಿತವಂತೂ ಕನಸಿನ ಮಾತು. ಒತ್ತಕ್ಷರ ಬಂದರೆ ಕೆಳಗೆ ಇನ್ನೊಂದು ಸಾಲು ಬೇಕು.

ಹಾಗಾಗಿ ಇಡೀ ಲಿಪಿಯ ಆಸೆ ಬಿಟ್ಟು ಬೇಕಾದ ಮಾತುಗಳನ್ನು ಮಾತ್ರ ಬರೆದೆ. ಮೊದಲು ಹೆಸರು 'ಆಡು ಹುಲಿ' ಅಂತಿತ್ತು, ಗೆದ್ದಾಗ 'ಹುಲಿ ಗೆದ್ದಿತು' ಅಂತ ಬರುತ್ತಿತ್ತು. ಆ 'ದ್ದಿ' ತಲೆನೋವು. 'ಹುಲಿಗೆ ಜಯ', 'ಕುರಿಗೆ ಜಯ' ಅಂತ ಬದಲಿಸಿದೆ. ಒತ್ತು ಹೋಯಿತು. ಆಟದ ಹೆಸರನ್ನೂ 'ಹುಲಿ ಕುರಿ' ಮಾಡಿದೆ. ಈಗ ಇಡೀ ಆಟಕ್ಕೆ ಬೇಕಾದದ್ದು ಹು, ಲಿ, ಕು, ರಿ, ಗೆ, ಜ, ಯ. ಏಳು ಅಕ್ಷರ, 28 ಟೈಲ್. ಇಂಗ್ಲಿಷ್‌ಗಿಂತ ಕಡಿಮೆ! ಪ್ರಾಸಕ್ಕಾಗಿ ಪದ ಹುಡುಕುವುದನ್ನು ಕೇಳಿದ್ದೆ, ಟೈಲ್‌ಗಾಗಿ ಹುಡುಕಿದ್ದು ಅದೇ ಮೊದಲು.

ಆಮೇಲೆ ನಿಜವಾದ ಮಷೀನಿಗೆ ಹಾಕುವ ದಿನ ಬಂತು. ಎಮ್ಯುಲೇಟರ್‌ನಲ್ಲಿ ಬೆಣ್ಣೆಯ ಹಾಗೆ ಓಡುತ್ತಿದ್ದ ಆಟ. ಟಿವಿಯಲ್ಲಿ ಶುರುವಾಗುತ್ತಲೇ ಐದು ಹುಲಿ! ಆಫ್ ಮಾಡಿ ಆನ್ ಮಾಡಿದರೆ ನಾಲ್ಕು. ನನ್ನ ಎಮ್ಯುಲೇಟರ್ ರ್ಯಾಮ್ ಅನ್ನು ಸೊನ್ನೆಯಿಂದ ತುಂಬಿಸಿ ಕೊಡುತ್ತಿತ್ತು. ನಿಜವಾದ ರ್ಯಾಮ್‌ನಲ್ಲಿ ಆನ್ ಆದಾಗ ಏನು ಬೇಕಾದರೂ ಇರಬಹುದು. 23 ಮನೆಗಳನ್ನು ಶುರುವಿನಲ್ಲಿ ನಾನು ಒರೆಸಿಯೇ ಇರಲಿಲ್ಲ. ಹಠಕ್ಕೆ ಬಿದ್ದು ಅಸೆಂಬ್ಲಿಯಲ್ಲಿ, ಪ್ರೊಸೆಸರ್‌ನ ಸೂಚನೆಗಳನ್ನೇ ನೇರ ಬರೆಯುವ ಭಾಷೆಯಲ್ಲಿ, ಬರೆದದ್ದಕ್ಕೆ ಸಿಕ್ಕ ಬಹುಮಾನ ಇದು. ನೀವು ಸಿಯಲ್ಲಿ ನೆಸ್‌ಲಿಬ್ ಎಂಬ ಸಿದ್ಧ ಕೋಡಿನ ಕಟ್ಟಿನ ಜೊತೆ ಬರೆದರೆ ಅದರ ಶುರುವಿನ ಕೋಡೇ ರ್ಯಾಮ್ ಒರೆಸುತ್ತೆ. ಆದರೂ ಮೆಸೆನ್ ಎಮ್ಯುಲೇಟರ್‌ನಲ್ಲಿ ರ್ಯಾಮ್ ಅನ್ನು ಕಸದಿಂದ ತುಂಬಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿಯೇ ಇಡಿ.

ಇನ್ನೆರಡು ವ್ಯತ್ಯಾಸ ನಮ್ಮ ಕಡೆಯ ಮಷೀನುಗಳದ್ದು. ಅಮೆರಿಕ, ಜಪಾನಿನವು ಸೆಕೆಂಡಿಗೆ 60 ಫ್ರೇಮ್, ನಮ್ಮ ಕಡೆಯ ಪಾಲ್ ಎಂಬ ಪದ್ಧತಿಯ ಟಿವಿಗೆ ಮಾಡಿದವು 50. ಹಾಗಾಗಿ ಸಂಗೀತ, ಓಟ ಎಲ್ಲಾ ಸ್ವಲ್ಪ ನಿಧಾನ. ಮತ್ತೆ ಎಷ್ಟೋ ನಕಲಿ ಚಿಪ್‌ಗಳಲ್ಲಿ ಧ್ವನಿಯ ಎರಡು ಬಗೆಯ ಅಲೆ ಅದಲುಬದಲಾಗಿರುತ್ತೆ. ನನ್ನ ಮಷೀನಿನಲ್ಲೂ ಹಾಗೇ. ತೆಳ್ಳಗೆ ಕೇಳಬೇಕಾದ ರಾಗ ದಪ್ಪಗೆ ಕೇಳಿತು. ಕೆಟ್ಟಿದೆ ಅಂದುಕೊಳ್ಳಬೇಡಿ. ನಾವು ಚಿಕ್ಕಂದಿನಲ್ಲಿ ಕೇಳಿದ್ದೂ ಈ ದಪ್ಪ ಧ್ವನಿಯನ್ನೇ ಇರಬೇಕು.

ಇನ್ನು, ಆಟವನ್ನು ಕ್ಯಾಸೆಟ್ ಒಳಗೆ ಸೇರಿಸುವುದು ಹೇಗೆ? ಹಳೇ ಕ್ಯಾಸೆಟ್ ಬಿಚ್ಚಿ ಚಿಪ್ ಬದಲಾಯಿಸೋಣ ಅಂತ ನಾನೂ ಹೊರಟಿದ್ದೆ. ಬಿಚ್ಚಿದರೆ ಒಳಗೆ ಚಿಪ್ಪೇ ಇಲ್ಲ, ಬೋರ್ಡಿನ ಮೇಲೆ ಕಪ್ಪು ಅಂಟಿನ ಉಂಡೆ. ಚಿಪ್ ಅದರ ಕೆಳಗೆ ಹುದುಗಿರುತ್ತೆ, ತೆಗೆಯಲು ಬರುವುದಿಲ್ಲ. ಸುಲಭದ ದಾರಿ ಅಂದರೆ ಮೆಮೊರಿ ಕಾರ್ಡ್ ಹಾಕುವ ಫ್ಲ್ಯಾಶ್ ಕ್ಯಾಸೆಟ್, ಎವರ್‌ಡ್ರೈವ್ ಥರದ್ದು. 60 ಪಿನ್‌ನದ್ದೇ ಬೇಕು ಅಂತ ನೋಡಿ ತರಿಸಿ. ನಿಮ್ಮ ಮಷೀನಿನ ಬೆಲೆಗಿಂತ ಅದರದ್ದು ಎಷ್ಟೋ ಪಟ್ಟು ಆಗುತ್ತೆ, ಹಾಗಾಗಿ ಆಟ ಮುಗಿಯುವ ತನಕ ಕೊಳ್ಳಬೇಡಿ. ನೂರಕ್ಕೆ ತೊಂಬತ್ತು ಭಾಗ ಕೆಲಸ ಎಮ್ಯುಲೇಟರ್‌ನಲ್ಲೇ ಆಗುತ್ತೆ.

ಶುರು ಮಾಡಲು ಬೇಕಾದದ್ದೆಲ್ಲ ಪುಕ್ಕಟೆ. ಸಿ ಕೋಡನ್ನು 6502 ಭಾಷೆಗೆ ಇಳಿಸುವ ಸಿಸಿ65, ಅದರ ಮೇಲೆ ನೆಸ್‌ಲಿಬ್, ಚಿತ್ರ ಬರೆಯಲು ಒಂದು ಟೈಲ್ ಎಡಿಟರ್, ಸಂಗೀತಕ್ಕೆ ಫ್ಯಾಮಿಸ್ಟುಡಿಯೋ. ಸಿ ಬರುತ್ತೆ ಅಂದಿರಲ್ಲ, ಆದರೆ ಇಲ್ಲಿಯ ಸಿ ಸ್ವಲ್ಪ ಬಡ ಮನೆಯದು. ದಶಮಾಂಶ ಸಂಖ್ಯೆ ಮರೆತುಬಿಡಿ. ಗುಣಾಕಾರ, ಭಾಗಾಕಾರಕ್ಕೆ ಪ್ರೊಸೆಸರ್‌ನಲ್ಲಿ ಸೂಚನೆಯೇ ಇಲ್ಲ, ಬರೆದರೆ ಹಿಂದೆ ಉದ್ದನೆಯ ಕೋಡ್ ಹುಟ್ಟುತ್ತೆ. ಚಿಹ್ನೆ ಇಲ್ಲದ ಒಂದು ಬೈಟಿನ ವೇರಿಯಬಲ್‌ಗಳಲ್ಲೇ ಬದುಕಿ. ಪರದೆ ಬರೆಯುವಾಗ ಮಧ್ಯೆ ಕೈ ಹಾಕಬೇಡಿ. ಪ್ರತಿ ಫ್ರೇಮ್ ಮುಗಿದ ಮೇಲೆ ಪ್ರೊಸೆಸರ್‌ನ ಗಡಿಯಾರದ ಸುಮಾರು 2,270 ಮಿಡಿತದಷ್ಟು (ಸೈಕಲ್) ಬಿಡುವು ಸಿಗುತ್ತೆ, ಟೈಲ್ ಬದಲಾಯಿಸುವುದೆಲ್ಲ ಅಷ್ಟರಲ್ಲೇ ಮುಗಿಯಬೇಕು. ತಪ್ಪಿದರೆ ಪರದೆ ಚಿತ್ರಾನ್ನ ಆಗುತ್ತೆ.

ಮೊದಲ ವಾರ ಆಟದ ಯೋಚನೆ ಬೇಡ. ಒಂದು ಚೌಕವನ್ನು ಪರದೆ ಮೇಲೆ ತಂದು ಬಟನ್ ಒತ್ತಿದಾಗ ಓಡಾಡಿಸಿ, ಅಷ್ಟು ಸಾಕು. ಬಟನ್ ಓದುವುದು ಮಜವಾಗಿದೆ. 4016 (ಹೆಕ್ಸ್ ಲೆಕ್ಕದಲ್ಲಿ) ಅನ್ನುವ ವಿಳಾಸಕ್ಕೆ ಒಮ್ಮೆ ಒಂದು, ಒಮ್ಮೆ ಸೊನ್ನೆ ಬರೆದು, ಅದನ್ನೇ ಎಂಟು ಸಲ ಓದಬೇಕು. ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ, ಇದೇ ಕ್ರಮದಲ್ಲಿ ಒಂದೊಂದೇ ಬಟನ್ ಹಾಜರಿ ಹೇಳುತ್ತೆ. ನೆಸ್‌ಲಿಬ್ ಇದನ್ನು ತಾನೇ ಮಾಡುತ್ತೆ, ಆದರೂ ಒಮ್ಮೆ ನೀವೇ ಬರೆದು ನೋಡಿ.

ಮಷೀನಿನ ಜೊತೆ ಆಟದ ಬಂದೂಕು ಕೂಡ ಸಿಕ್ಕಿದ್ದರೆ ಅದರ ಆಸೆ ಬಿಡಿ, ಈಗಿನ ಎಲ್‌ಇಡಿ ಟಿವಿಯಲ್ಲಿ ಕೆಲಸ ಮಾಡುವುದಿಲ್ಲ. ಅದಕ್ಕೆ ಹಳೇ ಡಬ್ಬಾ ಟಿವಿಯೇ ಬೇಕು. ಕ್ಯಾಸೆಟ್ ಪಿನ್‌ಗೆ ಬಾಯಲ್ಲಿ ಊದಬೇಡಿ, ಎಂಜಲಿನ ತೇವಕ್ಕೆ ತುಕ್ಕು ಹಿಡಿಯುತ್ತೆ. ಹತ್ತಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಮೂಲ ಅಡಾಪ್ಟರ್ ಕಳೆದಿದ್ದರೆ ಕೈಗೆ ಸಿಕ್ಕಿದ್ದನ್ನು ಚುಚ್ಚಬೇಡಿ, ಮಷೀನಿನ ಕೆಳಗೆ ವೋಲ್ಟೇಜು, ಪ್ಲಸ್ ಮೈನಸ್ ಗುರುತು ಇರುತ್ತೆ, ಅದಕ್ಕೆ ಹೊಂದಿಸಿ.

ಪಿನ್ ಎಣಿಸಿದ ಮೇಲೆ ಸ್ಲಾಟ್‌ನ ಒಂದು ಫೋಟೋ ಇಲ್ಲೇ ಹಾಕಿ. ಯಾವ ಫ್ಲ್ಯಾಶ್ ಕ್ಯಾಸೆಟ್ ಕೂರುತ್ತೆ ಅಂತ ನೋಡಿ ಹೇಳುತ್ತೇನೆ.