22.4 ಬೆಂಗಳೂರಿನ ಲೆಕ್ಕವಲ್ಲ

ಪ್ರಶ್ನೆ: ಹೈಡ್ರೋಜನ್ ಪೆರಾಕ್ಸೈಡಿಗೆ ಮ್ಯಾಂಗನೀಸ್ ಡೈಆಕ್ಸೈಡ್ ಹಾಕಿ, ನೀರಿನ ಮೇಲೆ ಒಂದು ಲೀಟರ್ ಆಮ್ಲಜನಕ ಹಿಡಿದೆ. ಒಂದು ಮೋಲ್ (ಅಣುಗಳ ಒಂದು ನಿಗದಿತ ಎಣಿಕೆ) ಆಮ್ಲಜನಕದ ತೂಕ 32 ಗ್ರಾಂ, ಗಾತ್ರ 22.4 ಲೀಟರ್ ಅಂತ ಕಲಿತಿದ್ದೇನೆ. 32ನ್ನು 22.4ರಿಂದ ಭಾಗಿಸಿದರೆ 1.43 ಗ್ರಾಂ. ಆದರೆ ಫ್ಲಾಸ್ಕಿನ ತೂಕ ಇಳಿದದ್ದು 1.1 ಗ್ರಾಂ ಮಾತ್ರ. ಗ್ಯಾಸ್ ಸೋರಿತೇ ಸರ್?
– ದ್ವಿತೀಯ ಪಿಯು ವಿದ್ಯಾರ್ಥಿ, ಜಯನಗರ

ಸೋರಿದ್ದರೆ ಫ್ಲಾಸ್ಕಿನ ತೂಕ ಇನ್ನೂ ಜಾಸ್ತಿ ಇಳಿಯುತ್ತಿತ್ತಲ್ಲವೇನಪ್ಪಾ? ತಕ್ಕಡಿ ಸರಿಯಾಗೇ ಇದೆ, ತಪ್ಪಿರುವುದು 22.4. ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಇದೇ ಪ್ರಶ್ನೆ. 'ಗ್ಯಾಸ್ ಅಂದ್ರೆ 22.4' ಅಂತ ಉರು ಹೊಡೆಸಿ ಫೀಸು ವಸೂಲಿ ಮಾಡುವ ಟ್ಯೂಷನ್ ಮೇಷ್ಟ್ರುಗಳು ಅದರ ಷರತ್ತು ಮಾತ್ರ ಹೇಳುವುದಿಲ್ಲ: ಸೊನ್ನೆ ಡಿಗ್ರಿ ಸೆಲ್ಸಿಯಸ್, ಸಮುದ್ರಮಟ್ಟದ ಒತ್ತಡ ಅಂದರೆ 1 ಅಟ್ಮಾಸ್ಫಿಯರ್. ಜಯನಗರದಲ್ಲಿ ಇವೆರಡೂ ಇಲ್ಲ.

ನಾವಿರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡ ಹೆಚ್ಚುಕಡಿಮೆ 912 ಹೆಕ್ಟೋಪಾಸ್ಕಲ್. ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ 1012 ಇದೆ ಅಂತ ವಾದಕ್ಕೆ ಬರಬೇಡಿ. ಅದು ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿ. ಲ್ಯಾಬಿನ ಗೋಡೆಯ ಮೇಲೆ ಧೂಳು ಹಿಡಿದಿರುವ ಬ್ಯಾರೋಮೀಟರ್ ನೋಡಿ. ನೀರಿನ ಮೇಲೆ ಹಿಡಿದದ್ದರಿಂದ ನೀರಾವಿಯ ಪಾಲನ್ನೂ ಕಳೆಯಬೇಕು. 27 ಡಿಗ್ರಿಗೆ ಅದು 36. ಉಳಿದ 876 ಅಂದರೆ 0.865 ಅಟ್ಮಾಸ್ಫಿಯರ್. ಇದನ್ನು 0.0821 (ಅನಿಲ ಸ್ಥಿರಾಂಕ) × 300ರಿಂದ (27 ಡಿಗ್ರಿ, ಕೆಲ್ವಿನ್ ಲೆಕ್ಕದಲ್ಲಿ) ಭಾಗಿಸಿದರೆ 0.0351 ಮೋಲ್. 32ರಿಂದ ಗುಣಿಸಿ: 1.12 ಗ್ರಾಂ. ನಿಮ್ಮ ತಕ್ಕಡಿ ಹೇಳಿದ್ದೂ ಅದನ್ನೇ.

ಅಳತೆ ಓದುವ ಮುಂಚೆ ಜಾಡಿಯನ್ನು ಮೇಲೆ ಕೆಳಗೆ ಮಾಡಿ ಒಳಗಿನ ನೀರನ್ನು ಹೊರಗಿನ ನೀರಿನ ಮಟ್ಟಕ್ಕೆ ತರಬೇಕು. ಹುಡುಗರು ಯಾರೂ ತರುವುದಿಲ್ಲ. ಹಾಗೇ, ಶೇಕಡಾ 30ರ ಪೆರಾಕ್ಸೈಡ್ ಬಾಟಲಿ ಕೈಗೆ ಸಿಕ್ಕರೂ ಮುಟ್ಟಬೇಡಿ, ಚರ್ಮ ಸುಡುತ್ತದೆ. 6ರದ್ದು ಸಾಕು, ಕನ್ನಡಕ ಹಾಕಿಕೊಂಡೇ.

ಪ್ರಶ್ನೆ: 22.4 ಸರಿಯೋ, 22.7 ಸರಿಯೋ?

22.4 ಹಳೆಯ 1 ಅಟ್ಮಾಸ್ಫಿಯರಿಗೆ; 1982ರಲ್ಲಿ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಐಯುಪಿಎಸಿ ಪ್ರಮಾಣಿತ ಒತ್ತಡವನ್ನು 1 ಬಾರ್ (1000 ಹೆಕ್ಟೋಪಾಸ್ಕಲ್) ಮಾಡಿತು, ಅದಕ್ಕೆ 22.7, ಪ್ರಶ್ನೆಪತ್ರಿಕೆಯಲ್ಲಿ ಯಾವ ಒತ್ತಡ ಕೊಟ್ಟಿದ್ದಾರೋ ಅದನ್ನು ನೋಡಿ.

ಪ್ರಶ್ನೆ: ಅಡುಗೆ ಸಿಲಿಂಡರಿನ ಗಾತ್ರದಿಂದ ಉಳಿದ ಗ್ಯಾಸ್ ಲೆಕ್ಕ ಹಾಕಬಹುದೇ?

ಆಗದು. ಒಳಗಿರುವುದು ಬಹುಪಾಲು ದ್ರವ. ತೂಕ ಹಾಕಿ, ಸಿಲಿಂಡರಿನ ಮೇಲೆ ಬರೆದಿರುವ ಖಾಲಿ ತೂಕ ಕಳೆಯಿರಿ. ಅಲ್ಲಾಡಿಸಿ ನೋಡುವ ಪಂಡಿತರನ್ನು ಅಡುಗೆಮನೆಯಿಂದ ಆಚೆ ಕಳಿಸಿ.

ಪ್ರಶ್ನೆ: ಟಯರಿಗೆ ನೈಟ್ರೋಜನ್ ತುಂಬಿಸಿದರೆ ಕಾರು ಹಗುರಾಗಿ ಮೈಲೇಜ್ ಹೆಚ್ಚುತ್ತದಂತೆ?

ಒಂದು ಟಯರಿಗೆ ನಾಲ್ಕೈದು ಗ್ರಾಂ ಹಗುರ. ಹೇಳಿದವನ ಹತ್ತಿರ ಬಿಲ್ ಕೇಳಿ.