ದವಡೆ ಹಲ್ಲಿಗೆ ಯಾವ ಕ್ಯಾಪ್?

ಪ್ರಶ್ನೆ: ಕೆಳಗಿನ ಕೊನೆಯ ದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಿದೆ. ಬರೀ ಲೋಹದ್ದು, ಲೋಹದ ಮೇಲೆ ಸಿರಾಮಿಕ್, ಜಿರ್ಕೋನಿಯಾ – ಯಾವ ಕ್ಯಾಪ್ ಬೇಕೆಂದು ಡಾಕ್ಟರು ಕೇಳಿದ್ದಾರೆ. ಊಟ ಆದಮೇಲೆ ಎಲೆ ಅಡಿಕೆ ಹಾಕುವ ಅಭ್ಯಾಸವಿದೆ. ಯಾವುದು ಬಾಳಿಕೆ ಬರುತ್ತದೆ?
– ಓದುಗರು, ಮದ್ದೂರು

ಉತ್ತರ: ಅಡಿಕೆ ಅಗಿಯುವ ಬಾಯಿಗೆ ಲೋಹದ ಮೇಲಿನ ಸಿರಾಮಿಕ್ ಬೇಡ. ಒಳಗಿನ ಲೋಹಕ್ಕೆ ಏನೂ ಆಗುವುದಿಲ್ಲ; ಅಡಿಕೆ ಚೂರೋ ಕಬ್ಬಿನ ಗಿಣ್ಣೋ ಒಂದೇ ಕಡೆ ಒತ್ತಿದಾಗ ಮೇಲಿನ ಪಿಂಗಾಣಿ ಚಕ್ಕೆ ಏಳುತ್ತದೆ. ಅದಕ್ಕೆ ಹಲ್ಲನ್ನೂ ಹೆಚ್ಚು ತೇಯಬೇಕು: ಅಗಿಯುವ ಮುಖದಲ್ಲಿ ಸುಮಾರು 2 ಮಿ.ಮೀ. ಉಳಿದೆರಡಕ್ಕೆ 1ರಿಂದ 1.5 ಸಾಕು.

ನಕ್ಕರೂ ಕಾಣದ ಹಲ್ಲಾದ್ದರಿಂದ ನಮ್ಮ ಮತ ಲೋಹಕ್ಕೇ. ಅಗ್ಗ, ಗಟ್ಟಿ. ರೋಲ್ಡ್ ಗೋಲ್ಡ್ ಓಲೆ ಹಾಕಿದರೆ ಕಿವಿ ಕೆರೆಯುವವರು ಮಾತ್ರ ಮೊದಲೇ ಹೇಳಿ. ಸಾಮಾನ್ಯವಾಗಿ ಆ ಕೆರೆತ ತರಿಸುವ ನಿಕ್ಕಲ್ ಇಂಥ ಎಷ್ಟೋ ಕ್ಯಾಪ್‌ಗಳಲ್ಲೂ ಇರುತ್ತದೆ. ಹಲ್ಲಿನ ಬಣ್ಣವೇ ಬೇಕೆಂದರೆ ಜಿರ್ಕೋನಿಯಾ, ಅದೂ ಪೂರ್ತಿ ಒಂದೇ ತುಂಡಿನದು. ಮೇಲೆ ಪಿಂಗಾಣಿ ಲೇಪಿಸಿದ ಜಿರ್ಕೋನಿಯಾವೂ ಬರುತ್ತದೆ, ಅದರ ಹಣೆಬರಹವೂ ಚಕ್ಕೆಯೇ.

ಜಿರ್ಕೋನಿಯಾ ಎದುರು ಹಲ್ಲನ್ನು ಸವೆಸುತ್ತದೆ ಎಂಬ ಮಾತು ಅರ್ಧ ನಿಜ. ನುಣುಪಾಗಿದ್ದರೆ ಅಷ್ಟಾಗಿ ಸವೆಸದು. ಕೂರಿಸುವಾಗ ಬಣ್ಣದ ಕಾಗದ ಕಚ್ಚಿಸಿ, ಗುರುತು ಜೋರಾಗಿ ಬಿದ್ದ ಕಡೆ ತೇಯುತ್ತಾರಲ್ಲ, ಆ ಜಾಗ ಒರಟಾಗಿಯೇ ಉಳಿದರೆ ಅರದಂತೆ ಎದುರು ಹಲ್ಲನ್ನು ತಿನ್ನುತ್ತದೆ. ಮತ್ತೆ ಪಾಲಿಶ್ ಮಾಡಿಸದೆ ಕುರ್ಚಿಯಿಂದ ಏಳಬೇಡಿ.

ಇನ್ನು ಕ್ಯಾಪ್ ಜೊತೆ ಕೊಡುವ ವಾರಂಟಿ ಕಾರ್ಡು. ಅದು ಕ್ಯಾಪ್‌ಗೆ, ಒಳಗಿನ ಹಲ್ಲಿಗಲ್ಲ. ವಸಡಿನಿಂದ ಮೇಲೆ ಸುತ್ತಲೂ 2 ಮಿ.ಮೀ.ನಷ್ಟಾದರೂ ಗಟ್ಟಿ ಹಲ್ಲು ಉಳಿದಿದೆಯೇ ಎಂದು ಕೇಳಿ. ಇಲ್ಲದಿದ್ದರೆ ಎಷ್ಟೇ ದುಬಾರಿ ಕ್ಯಾಪಾದರೂ ಕಿತ್ತು ಬರುವ, ಹಲ್ಲು ಬುಡದಲ್ಲೇ ಮುರಿಯುವ ಸಂಭವ ಹೆಚ್ಚು.

ಪ್ರಶ್ನೆ: ಮೇಲಿನ ಮುಂದಿನ ಹಲ್ಲಿಗೆ ಹಾಕಿಸಿದ ಹಳೇ ಕ್ಯಾಪಿನ ಬುಡದಲ್ಲಿ ಕಪ್ಪು ಗೆರೆ ಕಾಣುತ್ತಿದೆ. ಹುಳುಕೇ?
– ಓದುಗರು, ಮೈಸೂರು

ಉತ್ತರ: ಲೋಹದ ಮೇಲಿನ ಸಿರಾಮಿಕ್ ಆಗಿದ್ದರೆ, ವಸಡು ಹಿಂದೆ ಸರಿದು ಲೋಹದ ಅಂಚು ಇಣುಕುತ್ತಿರಬಹುದು. ವಾಸನೆ ಬಂದರೆ, ಆಹಾರ ಸಿಕ್ಕಿಕೊಂಡರೆ ಎಕ್ಸ್‌ರೇ ತೆಗೆಸಿ. ಬದಲಿಸುವುದಾದರೆ ಲಿಥಿಯಂ ಡೈಸಿಲಿಕೇಟ್ ಎಂಬ ಗಾಜಿನಂಥ ಸಿರಾಮಿಕ್ ಕೇಳಿ. ಕ್ಲಿನಿಕ್‌ಗಳಲ್ಲಿ ಇ-ಮ್ಯಾಕ್ಸ್ ಅನ್ನುತ್ತಾರೆ. ಬೆಳಕು ಒಳಗೆ ಹಾಯುವುದರಿಂದ ನಿಜವಾದ ಹಲ್ಲಿನಂತೆಯೇ ಕಾಣುತ್ತದೆ. ಆದರೆ ಒಳಗಿನ ಹಲ್ಲು ಕಪ್ಪಾಗಿದ್ದರೆ ಆ ಕಪ್ಪೂ ಹೊರಗೆ ತೋರುತ್ತದೆ, ಆಗ ಜಿರ್ಕೋನಿಯಾವೇ ವಾಸಿ. ಬಣ್ಣವನ್ನು ಹಗಲು ಬೆಳಕಿನಲ್ಲಿ, ಕೆಲಸ ಶುರುವಾಗುವ ಮೊದಲೇ ನೋಡಿಸಿ. ತುಂಬ ಹೊತ್ತು ಬಾಯಿ ತೆರೆದಿದ್ದರೆ ಪಕ್ಕದ ಹಲ್ಲುಗಳು ಒಣಗಿ ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತವೆ.